ತೆರಿಗೆ ಕಟ್ಟುವಾಗ ನಾನು ಒಂಟಿ, ಸೌಲಭ್ಯ ಕೇಳಿದಾಗ ಸಂಸಾರಿ: ಇದು ಯಾವ ನ್ಯಾಯ?

ಉತ್ತರಹಳ್ಳಿಯ ಅಪ್ಪ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಬದುರು ಎರಡು ಮನೆ. ಎರಡರಲ್ಲೂ ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಲೆಕ್ಕ ಸಲೀಸಾಗಲಿ ಎಂದು ಅಂಕಿಗಳನ್ನು ತುಸು ಆಚೀಚೆ ಸರಿಸಿ ಸಮ ಮಾಡಿಕೊಂಡಿದ್ದೇನೆ: ಎರಡೂ ಮನೆಗಳ ವಾರ್ಷಿಕ ಸಂಬಳ 25.5 ಲಕ್ಷ ರೂಪಾಯಿ. ಎದುರು ಮನೆಯವರು ತಲಾ 12.75 ಲಕ್ಷ ದುಡಿಯುತ್ತಾರೆ. ನಮ್ಮಲ್ಲಿ ಅಷ್ಟೂ ನನ್ನೊಬ್ಬನ ಸಂಬಳ. ಎರಡನೆಯ ಮಗು ಹುಟ್ಟಿದ ಮೇಲೆ ಹೆಂಡತಿ ಕೆಲಸ ಬಿಟ್ಟಳು.

2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 75,000 ರೂಪಾಯಿ ಪ್ರಮಾಣಿತ ಕಡಿತ, ಆಮೇಲೆ ಉಳಿದ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆಯಲ್ಲಿ ಪೂರ್ತಿ ರಿಯಾಯಿತಿ. ಹಾಗಾಗಿ ಎದುರು ಮನೆಯ ಇಬ್ಬರದೂ ಸೊನ್ನೆ. ನನ್ನದು 24.75 ಲಕ್ಷಕ್ಕೆ 3,22,500, ಅದರ ಮೇಲೆ ಶೇಕಡಾ 4 ಸೆಸ್, ಒಟ್ಟು 3,35,400 ರೂಪಾಯಿ. ತಿಂಗಳಿಗೆ 27,950. ನಮ್ಮ ಇಬ್ಬರು ಮಕ್ಕಳ ಶಾಲೆಯ ಶುಲ್ಕವೂ ವ್ಯಾನಿನ ಬಾಡಿಗೆಯೂ ಸೇರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಸರಿ, ಕಾನೂನು ವ್ಯಕ್ತಿಯನ್ನು ನೋಡುತ್ತದೆ, ಕುಟುಂಬವನ್ನಲ್ಲ ಎಂದು ಒಪ್ಪೋಣ. ಆದರೆ ಎಲ್ಲ ಕಡೆಯೂ ಹಾಗೆಯೇ ನೋಡಬೇಕಲ್ಲವೇ? ನನ್ನ ಹಣವನ್ನು ಹೆಂಡತಿಯ ಹೆಸರಿನಲ್ಲಿ ಎಫ್‌ಡಿ ಇಟ್ಟರೆ ಅದರ ಬಡ್ಡಿ ನನ್ನ ಆದಾಯಕ್ಕೆ ಸೇರುತ್ತದೆ. ಮಕ್ಕಳ ಹೆಸರಿನಲ್ಲಿಟ್ಟರೂ ನನಗೇ ಸೇರುತ್ತದೆ. ಕೇಂದ್ರದ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ) ಮೀಸಲಾತಿಗೆ ಅರ್ಜಿ ಹಾಕಿದರೆ ಇಡೀ ಕುಟುಂಬದ ಆದಾಯ 8 ಲಕ್ಷದೊಳಗೆ ಇರಬೇಕು. ಒಬ್ಬ ವ್ಯಕ್ತಿಗೆ 12 ಲಕ್ಷದವರೆಗೆ ತೆರಿಗೆ ಹಾಕುವಷ್ಟು ವರಮಾನವಿಲ್ಲ, ಆದರೆ ನಾಲ್ಕು ಜನರ ಮನೆಗೆ 8 ಲಕ್ಷ ಬಂದರೆ ಅವರು ಅನುಕೂಲಸ್ಥರು! ಸರ್ಕಾರಕ್ಕೆ ಹಣ ಬರುವ ಕಡೆ ಕುಟುಂಬ ಕಾಣುತ್ತದೆ, ಹಣ ಬಿಡಬೇಕಾದ ಕಡೆ ವ್ಯಕ್ತಿ ಮಾತ್ರ ಕಾಣುತ್ತಾನೆ.

ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ಸ್ ಸಲ್ಲಿಸುವ ಆಯ್ಕೆ ಕೊಡಿ ಎಂದು ಲೆಕ್ಕಪರಿಶೋಧಕರ ಸಂಸ್ಥೆ ಐಸಿಎಐ 2025ರ ಬಜೆಟ್‌ಗೆ ಮುಂಚೆ ಸಲಹೆ ಕೊಟ್ಟಿತ್ತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿಮ್ಮ ಅಭಿಪ್ರಾಯವೇನು?

ಒಂಟಿ ಸಲಗ

25 ಲಕ್ಷ ಸಂಬಳದವರ ಕಣ್ಣೀರು ಒರೆಸಲು ಕರವಸ್ತ್ರ ಹುಡುಕುತ್ತಿದ್ದೇನೆ.

ಉತ್ತರಹಳ್ಳಿಯ ಅಪ್ಪ

ಹುಡುಕಿ. ಸಿಗುವವರೆಗೆ ಈ ಲೆಕ್ಕ ನೋಡಿ: ಒಬ್ಬರೇ 15 ಲಕ್ಷ ದುಡಿದರೆ 97,500 ರೂಪಾಯಿ ತೆರಿಗೆ. ಗಂಡ ಹೆಂಡತಿ ತಲಾ 7.5 ಲಕ್ಷ ದುಡಿದರೆ ಸೊನ್ನೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಇಬ್ಬರು ಮಕ್ಕಳು, ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇರುವವನಿಗೆ 15 ಲಕ್ಷ ದೊಡ್ಡ ಮೊತ್ತವಲ್ಲ.

ಎರಡನೇ ಸಂಬಳ

ಅಪ್ಪನವರೇ, ನಾನು ನಿಮ್ಮ ಎದುರು ಮನೆಯಂಥ ಮನೆಯವಳು. ನಮ್ಮ ತೆರಿಗೆ ಸೊನ್ನೆ ಎಂದಿರಿ. ಖರ್ಚನ್ನು ಏಕೆ ಬರೆಯಲಿಲ್ಲ?

ನಿಮ್ಮ ಶ್ರೀಮತಿಯವರು ಮನೆಯಲ್ಲಿ ಮಾಡುವ ಕೆಲಸಕ್ಕೆ ನೀವು ಸಂಬಳ ಕೊಡುವುದಿಲ್ಲ, ಸರ್ಕಾರ ತೆರಿಗೆ ಹಾಕುವುದಿಲ್ಲ. ಅದೇ ಕೆಲಸವನ್ನು ನಾನು ಹಣ ಕೊಟ್ಟು ಕೊಳ್ಳುತ್ತೇನೆ. ಕೈಗೆ ಬರುವ ನನ್ನ ಸಂಬಳ 65,000. ಡೇಕೇರ್‌ಗೆ 18,000. ಅಡುಗೆಯವರಿಗೆ 7,000. ದೊಡ್ಡವನು ಶಾಲೆಯಿಂದ ಬಂದ ಮೇಲೆ ನೋಡಿಕೊಳ್ಳುವ ಪಕ್ಕದ ಬೀದಿಯ ಆಂಟಿಗೆ 5,000. ನನ್ನ ಓಡಾಟಕ್ಕೆ 6,000. ಇದರಲ್ಲಿ ಒಂದು ರೂಪಾಯಿಯನ್ನೂ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ. ವ್ಯಾಪಾರಿಯಾದರೆ ಅಂಗಡಿ ನೋಡಿಕೊಳ್ಳುವ ಹುಡುಗನ ಸಂಬಳ ಖರ್ಚೆಂದು ತೋರಿಸಬಹುದು. ನಾನು ಕೆಲಸಕ್ಕೆ ಹೋಗಲು ಮಗುವನ್ನು ಯಾರಾದರೂ ನೋಡಿಕೊಳ್ಳಲೇಬೇಕು, ಅದು ಮಾತ್ರ ನನ್ನ ಸ್ವಂತ ಖರ್ಚು.

ಡೇಕೇರ್‌ನಲ್ಲಿ ಸಂಜೆ ಆರೂವರೆ ದಾಟಿದರೆ ಅರ್ಧ ಗಂಟೆಗೆ 200 ರೂಪಾಯಿ ದಂಡ. ಬಾಗಿಲಿನ ಪಕ್ಕದ ರಿಜಿಸ್ಟರಿನಲ್ಲಿ ತಾಯಿಯೇ ಸಮಯ ಬರೆದು ಸಹಿ ಹಾಕಬೇಕು. ಮಗು ಶೂ ಹಾಕಿಕೊಂಡು, ಚೀಲ ಬೆನ್ನಿಗೇರಿಸಿ, ಮೆಟ್ಟಿಲ ಮೇಲೆ ಕುಳಿತಿರುತ್ತದೆ. ಸಿಲ್ಕ್ ಬೋರ್ಡ್ ಬಳಿ ಗಾಡಿ ನಿಂತ ದಿನ ಆ ರಿಜಿಸ್ಟರಿನ ಪುಟದಲ್ಲಿ ಅರ್ಧ ನನ್ನ ಕಚೇರಿಯವರದೇ ಸಹಿಗಳು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಕೊಡಬೇಕು ಎಂದು ಕಾನೂನಿದೆ, ನಮ್ಮ ಕಚೇರಿಯಲ್ಲಿ ಇದೆ ಕೂಡ. ಆದರೆ ಕಚೇರಿ ವೈಟ್‌ಫೀಲ್ಡ್‌ನಲ್ಲಿ, ಮನೆ ಬನಶಂಕರಿಯಲ್ಲಿ. ಎರಡು ವರ್ಷದ ಮಗುವನ್ನು ದಿನಕ್ಕೆರಡು ಬಾರಿ ಆ ದಾರಿಯಲ್ಲಿ ಸಾಗಿಸುವವರು ಇದ್ದರೆ ಅವರಿಗೆ ದೊಡ್ಡ ನಮಸ್ಕಾರ.

ಇನ್ನು ನಿಮ್ಮ ಜಂಟಿ ರಿಟರ್ನ್ಸ್. ಗಂಡನ ಆದಾಯ 20 ಲಕ್ಷ, ಹೆಂಡತಿ ಮನೆಯಲ್ಲಿದ್ದಾಳೆ ಎಂದಿಟ್ಟುಕೊಳ್ಳಿ. ಜಂಟಿ ಲೆಕ್ಕದಲ್ಲಿ ಎಲ್ಲ ಸ್ಲ್ಯಾಬ್‌ಗಳನ್ನೂ ದುಪ್ಪಟ್ಟು ಮಾಡಿದರು ಎನ್ನೋಣ: 8 ಲಕ್ಷದವರೆಗೆ ಇಲ್ಲ, 16ರವರೆಗೆ ಶೇಕಡಾ 5, 24ರವರೆಗೆ 10, 32ರವರೆಗೆ 15. ಗಂಡನಿಗೆ 80,000 ತೆರಿಗೆ. ಈಗ ಹೆಂಡತಿಗೆ ವರ್ಷಕ್ಕೆ 6 ಲಕ್ಷದ ಕೆಲಸ ಸಿಕ್ಕಿತು. ಮೊದಲ 4 ಲಕ್ಷಕ್ಕೆ 40,000, ಉಳಿದ 2 ಲಕ್ಷಕ್ಕೆ 30,000. ಅವಳ 6 ಲಕ್ಷದ ಮೇಲೆ 70,000 ತೆರಿಗೆ! ಇವತ್ತು ಅವಳೊಬ್ಬಳೇ ಅದೇ ಕೆಲಸ ಮಾಡಿದರೆ ಸೊನ್ನೆ. ಇದರ ಮೇಲೆ ಡೇಕೇರ್ ಖರ್ಚು ಸೇರಿಸಿ. ಅತ್ತೆ ಮಾವ ಏನು ಹೇಳುತ್ತಾರೆ, ಕೇಳಿಸುತ್ತಿದೆಯೇ? «ಇಷ್ಟಕ್ಕೆ ಯಾಕಮ್ಮ ಹೋಗಬೇಕು?»

ಲೆಕ್ಕದ ಪುಸ್ತಕ

ನಾನು ಬಸವನಗುಡಿಯಲ್ಲಿ ಲೆಕ್ಕಪರಿಶೋಧಕ. ಸೆಪ್ಟೆಂಬರ್ ಪೂರ್ತಿ ರಿಟರ್ನ್ಸ್‌ಗಳಲ್ಲೇ ಮುಳುಗಿದ್ದವನಿಗೆ ಈಗ ಸ್ವಲ್ಪ ಉಸಿರಾಡಲು ಬಿಡುವು ಸಿಕ್ಕಿದೆ.

ಇಬ್ಬರ ಅಂಕಿಗಳೂ ಸರಿ. ಇಬ್ಬರೂ ಒಂದೇ ಬಾರಿಗೆ ಗೆಲ್ಲಲು ಸಾಧ್ಯವಿಲ್ಲ, ಅದಕ್ಕೆ ಕಾರಣ ರಾಜಕೀಯವಲ್ಲ, ಗಣಿತ. ತೆರಿಗೆ ಪದ್ಧತಿಯಿಂದ ನಾವು ಮೂರು ಗುಣ ಬಯಸುತ್ತೇವೆ. ಆದಾಯ ಏರಿದಂತೆ ದರವೂ ಏರಬೇಕು. ಒಂದೇ ಆದಾಯದ ಎರಡು ದಂಪತಿಗಳಿಗೆ ಒಂದೇ ತೆರಿಗೆ ಇರಬೇಕು. ಮದುವೆಯಾದ ಮಾತ್ರಕ್ಕೆ ಇಬ್ಬರ ಒಟ್ಟು ತೆರಿಗೆ ಏರಲೂಬಾರದು, ಇಳಿಯಲೂಬಾರದು. ಈ ಮೂರನ್ನೂ ಒಟ್ಟಿಗೆ ಕೊಡುವ ಪದ್ಧತಿ ಯಾವ ದೇಶದಲ್ಲೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಭಾರತ ಎರಡನೆಯದನ್ನು ಕೈಬಿಟ್ಟಿದೆ. ಜರ್ಮನಿ 1958ರಿಂದ ದಂಪತಿಯ ಆದಾಯವನ್ನು ಕೂಡಿಸಿ ಎರಡು ಪಾಲು ಮಾಡುತ್ತದೆ, ಮೂರನೆಯದನ್ನು ಬಿಟ್ಟಿದೆ. ಅಲ್ಲಿ ಮಹಿಳೆಯರು ಪೂರ್ಣಾವಧಿ ಕೆಲಸಕ್ಕೆ ಹೋಗಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ ಎಂಬ ಟೀಕೆ ಹಳೆಯದು. ಬ್ರಿಟನ್ 1990ರಲ್ಲಿ ಗಂಡನ ಲೆಕ್ಕದಿಂದ ಹೆಂಡತಿಯನ್ನು ಬಿಡಿಸಿ ನಮ್ಮ ದಾರಿಗೆ ಬಂತು. ಫ್ರಾನ್ಸಿನದು ಇನ್ನೂ ಸ್ವಾರಸ್ಯ: ಅಲ್ಲಿ ಮಕ್ಕಳಿಗೂ ಪಾಲುಂಟು. ಮೊದಲ ಎರಡು ಮಕ್ಕಳಿಗೆ ಅರ್ಧರ್ಧ, ಮೂರನೆಯದರಿಂದ ಪೂರ್ತಿ ಪಾಲು. ಜನಸಂಖ್ಯೆ ಬೆಳೆಯಲಿ ಎಂಬ ಆಸೆ ಅವರದು.

ಆದರೆ ಅಪ್ಪನವರ ಎರಡನೆಯ ದೂರು ನ್ಯಾಯವಾದದ್ದು. ಹೆಂಡತಿ ಮಕ್ಕಳ ಆದಾಯವನ್ನು ಕೂಡಿಸುವ ನಿಯಮ, ಅಂದರೆ ಕ್ಲಬ್ಬಿಂಗ್, 1937ರ ತಿದ್ದುಪಡಿಯಲ್ಲಿ ಬಂದದ್ದು. ಗಂಡಂದಿರು ಹೆಂಡತಿಯನ್ನು ಹೆಸರಿಗೆ ಪಾಲುದಾರಳಾಗಿ ಮಾಡಿ ಆದಾಯ ಹಂಚುತ್ತಿದ್ದರು, ಅದನ್ನು ತಡೆಯಲು ತಂದರು. ನಿಯಮವನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಎತ್ತಿಹಿಡಿಯಿತು. ಉದ್ದೇಶ ಸರಿಯೇ. ಆದರೂ ಅದರೊಳಗಿನ ಕೆಲವು ವಿವರ ನೋಡಿದರೆ ನಗು ಬರುತ್ತದೆ. ನೀವು ಸೊಸೆಗೆ ಹಣ ಕೊಟ್ಟರೆ ಅದರ ಬಡ್ಡಿ ನಿಮಗೆ ಸೇರುತ್ತದೆ, ಅಳಿಯನಿಗೆ ಕೊಟ್ಟರೆ ಸೇರುವುದಿಲ್ಲ. ಮದುವೆಗೆ ಮುಂಚೆ ಭಾವೀ ಪತ್ನಿಗೆ ಕೊಟ್ಟದ್ದು ಸೇರುವುದಿಲ್ಲ, ತಾಳಿ ಕಟ್ಟಿದ ಮರುಗಳಿಗೆ ಕೊಟ್ಟದ್ದು ಸೇರುತ್ತದೆ. ಅಪ್ರಾಪ್ತ ಮಗುವಿನ ಆದಾಯ ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ಹಲವು ಕಡಿತಗಳಿರುವ ಹಳೆಯ ತೆರಿಗೆ ಪದ್ಧತಿಯಲ್ಲಿ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ, ಹೊಸದರಲ್ಲಿ ಅದೂ ಇಲ್ಲ.

ಮಲ್ಲೇಶ್ವರದ ಹಳಬ

ನಿವೃತ್ತ ಸರ್ಕಾರಿ ನೌಕರ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ ಎಂದು ಬರೆಯುತ್ತಿದ್ದೇನೆ. ಮದುವೆಯಾದವರಿಗೆ ಬೇರೆ ಲೆಕ್ಕ ನಮ್ಮ ದೇಶದಲ್ಲೂ ಇತ್ತು. 1955ರ ಬಜೆಟ್‌ನಲ್ಲಿ ಹಣಕಾಸು ಸಚಿವ ಸಿ. ಡಿ. ದೇಶಮುಖ್ ಅವರು ವಿವಾಹಿತರಿಗೆ 2,000 ರೂಪಾಯಿವರೆಗೆ ತೆರಿಗೆ ಇಲ್ಲ, ಅವಿವಾಹಿತರಿಗೆ 1,000ದವರೆಗೆ ಮಾತ್ರ ಎಂದರು. ಅದಕ್ಕೆ ಮುಂಚೆ ಎಲ್ಲರಿಗೂ 1,500 ಇತ್ತು. ಅಂದರೆ ಬ್ರಹ್ಮಚಾರಿಯ 500 ತೆಗೆದು ಸಂಸಾರಿಗೆ ಕೊಟ್ಟರು. ಆ ದಶಕ ಮುಗಿಯುವುದರೊಳಗೆ ಮಕ್ಕಳೂ ಲೆಕ್ಕಕ್ಕೆ ಬಂದರು: ವಿವಾಹಿತರಿಗೆ 3,000, ಒಂದು ಮಗುವಿದ್ದರೆ 3,300, ಎರಡು ಅಥವಾ ಹೆಚ್ಚಿದ್ದರೆ 3,600. ನಮ್ಮ ತಂದೆಯವರು ಗುಮಾಸ್ತರು. ನಾವು ಐವರು ಮಕ್ಕಳು. «ಮೂರನೆಯವನಿಂದ ಸರ್ಕಾರಕ್ಕೆ ನೀವು ಹುಟ್ಟೇ ಇಲ್ಲ» ಎಂದು ನಗುತ್ತಿದ್ದರು. ನಾನು ನಾಲ್ಕನೆಯವನು.

ಮುಂದೆ ಈ ಭೇದವೆಲ್ಲ ಹೋಯಿತು. ಮಹಿಳೆಯರಿಗೆ ಮಾತ್ರ ಸ್ವಲ್ಪ ಹೆಚ್ಚಿನ ಮಿತಿ ಬಹಳ ವರ್ಷ ಉಳಿದಿತ್ತು. 2011-12ರಲ್ಲಿ ಪುರುಷರಿಗೆ 1.80 ಲಕ್ಷ, ಮಹಿಳೆಯರಿಗೆ 1.90 ಲಕ್ಷ. ಮರುವರ್ಷ ಎಲ್ಲರಿಗೂ 2 ಲಕ್ಷ ಎಂದು ಮಾಡಿ ಅದನ್ನೂ ಮುಗಿಸಿದರು.

ಒಂಟಿ ಸಲಗ

ಹಿರಿಯರೇ, ಆ 500 ರೂಪಾಯಿಯ ನೋವು ನನಗೆ ಅರ್ಥವಾಗುತ್ತದೆ. ಜಂಟಿ ರಿಟರ್ನ್ಸ್ ಬಂದರೆ ಸರ್ಕಾರಕ್ಕೆ ಕಡಿಮೆಯಾಗುವ ಹಣ ಎಲ್ಲಿಂದ ಬರಬೇಕು? ನನ್ನಂಥವರ ಜೇಬಿನಿಂದ. ಈಗಲೇ ಮದುವೆಯಾದವರಿಗೆ ಒಂದು ಸವಲತ್ತು ಇದೆ. ಮದುವೆಯ ಉಡುಗೊರೆ ಯಾರಿಂದ ಎಷ್ಟು ಬಂದರೂ ವಧೂವರರಿಗೆ ತೆರಿಗೆ ಇಲ್ಲ. ನಾನು ಸಾಲ ಮಾಡಿ ಒಂದು ಮನೆ ಕೊಂಡು ಗೃಹಪ್ರವೇಶ ಮಾಡಿದರೆ, ಬಂಧುಗಳಲ್ಲದವರಿಂದ ವರ್ಷದಲ್ಲಿ ಬಂದ ಮುಯ್ಯಿ ಒಟ್ಟು 50,000 ದಾಟಿದರೆ ದಾಟಿದಷ್ಟಕ್ಕಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ನನಗೆ 38 ವರ್ಷ. ಊರವರ ಮದುವೆಗಳಿಗೆಲ್ಲ ಮುಯ್ಯಿ ಹಾಕಿದ್ದೇನೆ. ಒಂದು ಪೈಸೆ ವಾಪಸು ಬಂದಿಲ್ಲ.

ಹೊಸ ಬೀಗ

ಕಳೆದ ಮೇ ತಿಂಗಳಿನಲ್ಲಿ ಮಗಳ ಮದುವೆ ಮಾಡಿದೆ. ಮಕ್ಕಳನ್ನು ಸಾಕುವ ತೆರಿಗೆಯ ಮಾತಾಡುತ್ತಿದ್ದೀರಿ, ಅವರನ್ನು ದಾಟಿಸುವ ತೆರಿಗೆಯನ್ನೂ ಸ್ವಲ್ಪ ಕೇಳಿ.

ಕಲ್ಯಾಣ ಮಂಟಪದ ಬಾಡಿಗೆ ಎರಡು ದಿನಕ್ಕೆ 3.5 ಲಕ್ಷ ಎಂದರು. ವ್ಯವಸ್ಥಾಪಕರು ಮೇಜಿನ ಮೇಲೆ ಎರಡು ಪುಸ್ತಕ ಇಟ್ಟುಕೊಂಡಿದ್ದರು, ಒಂದು ಕೆಂಪು ರಟ್ಟಿನದು, ಇನ್ನೊಂದು ಶಾಲೆಯ ಮಕ್ಕಳ ನೋಟ್‌ಬುಕ್. «ಬಿಲ್ಲು ಬೇಕೆಂದರೆ ಶೇಕಡಾ 18 ಜಿಎಸ್‌ಟಿ ಸೇರಿ 4,13,000. ಬೇಡವೆಂದರೆ ನಗದು ತನ್ನಿ» ಎಂದು ಎರಡೂ ಪುಸ್ತಕಗಳ ಮೇಲೆ ಎರಡು ಕೈಯಿಟ್ಟು ನನ್ನ ಮುಖ ನೋಡಿದರು. 63,000 ರೂಪಾಯಿ ವ್ಯತ್ಯಾಸ. ನನ್ನ ತಮ್ಮ ಬ್ಯಾಂಕಿನಲ್ಲಿರುವವನು. ಪಕ್ಕದಿಂದ ಮೆಲ್ಲಗೆ ತಿವಿದ. ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ, ಕಂತು ಮಾಡಿ ಪಡೆದರೂ ತಪ್ಪೇ, ಪಡೆದಷ್ಟೇ ಮೊತ್ತ ದಂಡ, ಅದು ಪಡೆದವರಿಗೆ. ಅದನ್ನು ಅವನು ವಿನಯದಿಂದಲೇ ವಿವರಿಸಿದ. ನೋಟ್‌ಬುಕ್ ಮೇಜಿನ ಖಾನೆಗೆ ಹೋಯಿತು. ಬಿಲ್ಲು ಪಡೆದೆವು, 63,000 ತೆತ್ತೆವು. ವಿದ್ಯುತ್ತು ಮೀಟರ್ ಪ್ರಕಾರ, ಅಡುಗೆ ಅನಿಲ, ಸ್ವಚ್ಛತೆ ಎಲ್ಲ ಬೇರೆ.

ಅಡುಗೆಯವರು ಬೇರೆಯಾಗಿ ಬಂದದ್ದರಿಂದ ಶೇಕಡಾ 5. ಚಿನ್ನಕ್ಕೆ ಶೇಕಡಾ 3, ಶೇಕಡಾ ಕಡಿಮೆ ಎಂದು ಕಂಡರೂ ಈಗಿನ ಚಿನ್ನದ ದರದಲ್ಲಿ ಆ ಮೂರೇ ಎದೆ ಒಡೆಯುತ್ತದೆ. ಛಾಯಾಗ್ರಾಹಕರಿಗೆ 18. ಪುರೋಹಿತರಿಗೆ ಮಾತ್ರ ಏನೂ ಇಲ್ಲ. ಧಾರ್ಮಿಕ ವಿಧಿ ನಡೆಸುವುದಕ್ಕೆ ಜಿಎಸ್‌ಟಿ ವಿನಾಯಿತಿಯಂತೆ. ಓಲಗದವರಿಗೂ ಇಲ್ಲ, ಶಾಸ್ತ್ರೀಯ ಮತ್ತು ಜಾನಪದ ಕಲಾವಿದರಿಗೆ ಒಂದೂವರೆ ಲಕ್ಷದವರೆಗಿನ ಸಂಭಾವನೆಗೆ ವಿನಾಯಿತಿ ಇದೆ. ಆರತಕ್ಷತೆಗೆ ಅಳಿಯಂದಿರ ಗೆಳೆಯರು ಡಿಜೆ ಬೇಕೆಂದಾಗ ನಾನು ಈ ಕಾನೂನನ್ನೇ ಮುಂದೆ ಮಾಡಿ ನಾಗಸ್ವರಕ್ಕೆ ಅಂಟಿಕೊಂಡೆ. ಕೇಂದ್ರ ಸರ್ಕಾರ ನನಗೆ ಮಾಡಿದ ಏಕೈಕ ಉಪಕಾರ.

ಎರಡನೇ ಸಂಬಳ

ಬೀಗರೇ, ದೇವಸ್ಥಾನದ ಛತ್ರ ನೋಡಬೇಕಿತ್ತು. ನೋಂದಾಯಿತ ಧಾರ್ಮಿಕ ಟ್ರಸ್ಟಿನ ಮಂಟಪ, ದಿನದ ಬಾಡಿಗೆ 10,000ಕ್ಕಿಂತ ಕಡಿಮೆ ಇದ್ದರೆ ಜಿಎಸ್‌ಟಿ ಇಲ್ಲ.

ಹೊಸ ಬೀಗ

ಬೆಂಗಳೂರಿನಲ್ಲಿ ದಿನಕ್ಕೆ 10,000ದೊಳಗೆ ಸಿಗುವ ಛತ್ರದಲ್ಲಿ ನಮ್ಮ ಬೀಗರ ಕಡೆಯವರ ಚಪ್ಪಲಿ ಬಿಡಲೂ ಜಾಗ ಸಾಲುತ್ತಿರಲಿಲ್ಲ ಅಮ್ಮ.

ಶ್ರೀನಗರದ ಹೊಲಿಗೆಯಂಗಡಿ

ಇಲ್ಲಿ ಎಲ್ಲರೂ ಲಕ್ಷಗಳಲ್ಲಿ ಮಾತಾಡುತ್ತಿದ್ದೀರಿ, ನಾನು ಸಾವಿರಗಳಲ್ಲಿ ಹೇಳುತ್ತೇನೆ. ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಮನೆಯ ಯಜಮಾನಿಗೆ ಬರುತ್ತದೆ. ನನಗೂ ಬರುತ್ತಿತ್ತು, ಚಿಕ್ಕ ಮಗಳ ಟ್ಯೂಷನ್‌ಗೆ ಅದನ್ನೇ ಎತ್ತಿಡುತ್ತಿದ್ದೆ. ಆದರೆ ಯಜಮಾನಿಯಾಗಲಿ ಅವಳ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಅರ್ಹತೆ ಇಲ್ಲ.

2025ರ ಜುಲೈನಲ್ಲಿ ನಗರದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಬಂದವಲ್ಲ, ಆಗ ನಮ್ಮ ಯಜಮಾನರಿಗೂ ಹೆದರಿಕೆ ಹತ್ತಿತು. ಅವರು ಬಟ್ಟೆ ತಂದು ಮಾರುತ್ತಾರೆ, ನಾನು ಹೊಲಿಯುತ್ತೇನೆ. ಯಾರೋ ಹೇಳಿದರೆಂದು ನೋಂದಣಿ ಮಾಡಿಸಿದರು. ಲಾಭ ಮೊದಲಿನಷ್ಟೇ. ಆದರೆ ನನ್ನ 2,000 ಈಗ ನಿಯಮದ ಪ್ರಕಾರ ನನಗೆ ಸಲ್ಲುವುದಿಲ್ಲ. ವರ್ಷಕ್ಕೆ 24,000. ಮೊದಲು ಬರೆದ ಸಾಹೇಬರು ಹೇಳಿದ್ದು ಇದೇ ಅಲ್ಲವೇ? ಅಂಗಡಿ ಗಂಡನ ಹೆಸರಿನಲ್ಲಿದೆ, ತೆರಿಗೆ ಲೆಕ್ಕದಲ್ಲಿ ಅವರು ಬೇರೆ, ನಾನು ಬೇರೆ. ಹಣ ನಿಲ್ಲಿಸುವಾಗ ಇಬ್ಬರೂ ಒಂದು.

ಉತ್ತರಹಳ್ಳಿಯ ಅಪ್ಪ

ಅಕ್ಕ, ನನ್ನ ಮೂರು ಪ್ಯಾರಾಗಳಲ್ಲಿ ಬಾರದ್ದು ನಿಮ್ಮ ಒಂದೇ ಮಾತಿನಲ್ಲಿ ಬಂದಿದೆ. ನೋಂದಣಿ ನಿಜವಾಗಿ ಬೇಕಿತ್ತೇ ಎಂದು ಲೆಕ್ಕದ ಪುಸ್ತಕದವರನ್ನು ಕೇಳಿ.

ಲೆಕ್ಕದ ಪುಸ್ತಕ

ವಸ್ತು ಮಾರಾಟ ಮಾತ್ರವಾದರೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊಲಿಗೆಯಂಥ ಸೇವೆಯಿದ್ದರೆ ಮಿತಿ 20 ಲಕ್ಷ. ಅಕ್ಕ, ನಿಮ್ಮ ಹೊಲಿಗೆ ನಿಮ್ಮದೇ, ಬಟ್ಟೆ ವ್ಯಾಪಾರ ಅವರದೇ ಎಂದು ಲೆಕ್ಕ ಬೇರೆಯಾಗಿದ್ದರೆ ಇಬ್ಬರ ವಹಿವಾಟನ್ನೂ ಬೇರೆ ಬೇರೆಯಾಗಿ ನೋಡಬೇಕು. ಮಿತಿಯೊಳಗೆ ಇದ್ದರೆ ನೋಂದಣಿ ರದ್ದು ಮಾಡಿಸಲು ಅರ್ಜಿ ಹಾಕಬಹುದು, ಬಾಕಿ ರಿಟರ್ನ್ಸ್ ಎಲ್ಲ ಮೊದಲು ಸಲ್ಲಿಸಿರಬೇಕು. ಬ್ಯಾಂಕಿನ ಪಾಸ್‌ಬುಕ್ಕುಗಳನ್ನು ತೆಗೆದುಕೊಂಡು ಯಾರಾದರೂ ತೆರಿಗೆ ಸಲಹೆಗಾರರ ಬಳಿ ಹೋಗಿ. «ಯಾರೋ ಹೇಳಿದರು» ಎಂಬವರ ಬಳಿ ಮತ್ತೆ ಹೋಗಬೇಡಿ.

ಆರ್.ಟಿ. ನಗರದ ತಾಯಿ

ನನ್ನ ಮಗನಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ, ಶೇಕಡಾ 80ರ ಮೇಲೆ ಅಂಗವೈಕಲ್ಯ. 2025-26ರ ಲೆಕ್ಕಕ್ಕೆ ಹಳೆಯ ಪದ್ಧತಿಯಲ್ಲಿ 80ಡಿಡಿ ಎಂಬ ಕಲಮಿದೆ. ಅವಲಂಬಿತರಿಗೆ ಶೇಕಡಾ 40ರ ಮೇಲೆ ಅಂಗವೈಕಲ್ಯವಿದ್ದರೆ 75,000, ಶೇಕಡಾ 80ರ ಮೇಲಿದ್ದರೆ 1,25,000 ರೂಪಾಯಿ ಕಡಿತ. ನಿಜವಾಗಿ ಖರ್ಚು ಎಷ್ಟಾಯಿತೆಂದು ಕೇಳುವುದಿಲ್ಲ, ವೈದ್ಯಕೀಯ ಪ್ರಮಾಣಪತ್ರ ಇದ್ದರೆ ಸಾಕು. ಆ ಕಾನೂನು ಬರೆದವರಿಗೆ ಬಿಲ್ಲಿಲ್ಲದ ಖರ್ಚು ಎಂದರೇನು ಎಂದು ಗೊತ್ತಿತ್ತು.

ಹೊಸ ಪದ್ಧತಿಯಲ್ಲಿ ಅದಿಲ್ಲ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿ, ಎರಡು ದಿನ ಮಾತಿನ ತರಬೇತಿ. ಬೆಳೆದಂತೆಲ್ಲ ಕಾಲಿನ ಸ್ಪ್ಲಿಂಟ್ ಬದಲಿಸಬೇಕು. ಹಳೆಯವು ಅಳತೆ ಪ್ರಕಾರ ಸಾಲಾಗಿ ನಮ್ಮ ಅಟ್ಟದ ಮೇಲಿವೆ, ಬೇರೆ ಮಗುವಿಗೆ ಆಗಿಬರುವುದಿಲ್ಲವಾದ್ದರಿಂದ ಯಾರಿಗೂ ಕೊಡುವಂತಿಲ್ಲ. ನಾನು ಕೆಲಸ ಬಿಟ್ಟೆ, ಬಿಡದೆ ದಾರಿ ಇರಲಿಲ್ಲ. ನನ್ನ ಗಂಡನ ಸಂಬಳ 15 ಲಕ್ಷದ ಆಸುಪಾಸು. ಹಳೆಯದರಲ್ಲಿ ಉಳಿಯಬೇಕೋ ಹೊಸದಕ್ಕೆ ಹೋಗಬೇಕೋ ಪ್ರತಿ ವರ್ಷ ಲೆಕ್ಕ ಹಾಕುತ್ತೇವೆ. ಲೆಕ್ಕದಲ್ಲಿ ಪ್ರತಿ ಸಲ ಹೊಸದೇ ಗೆಲ್ಲುತ್ತದೆ, ಅಂದರೆ ನನ್ನ ಮಗನನ್ನು ಲೆಕ್ಕದಿಂದ ಬಿಟ್ಟರೇ ನಮಗೆ ಲಾಭ! ಜಂಟಿ ರಿಟರ್ನ್ಸ್ ಬೇಕೋ ಬೇಡವೋ ನೀವು ವಾದಿಸಿಕೊಳ್ಳಿ. ನನಗೆ ಆ ಒಂದು ಕಲಮನ್ನು ಹೊಸ ಪದ್ಧತಿಗೆ ತಂದುಕೊಟ್ಟರೆ ಸಾಕು.

ಲೆಕ್ಕದ ಪುಸ್ತಕ

ತಾಯಿ ಹೇಳಿದ್ದು ಅಕ್ಷರಶಃ ಸರಿ, ಏಕೆ ಹಾಗಾಗುತ್ತದೆ ಎಂದು ಬಿಡಿಸಿ ಹೇಳುತ್ತೇನೆ. 15 ಲಕ್ಷ ಸಂಬಳಕ್ಕೆ ಹೊಸ ಪದ್ಧತಿಯಲ್ಲಿ 97,500. ಹಳೆಯದರಲ್ಲಿ ಅದಕ್ಕೆ ಸಮನಾಗಬೇಕಾದರೆ ಎಲ್ಲ ಕಡಿತಗಳೂ ಸೇರಿ 5,93,750 ರೂಪಾಯಿ ಇರಬೇಕು. ಪ್ರಮಾಣಿತ ಕಡಿತ 50,000, ಉಳಿತಾಯಕ್ಕೆಂದು 80ಸಿ ಕಲಮಿನ ಅಡಿಯಲ್ಲಿ 1.5 ಲಕ್ಷ, ಆರೋಗ್ಯ ವಿಮೆಗೆ 25,000, ಮನೆ ಬಾಡಿಗೆ ಭತ್ಯೆಗೆ 2.4 ಲಕ್ಷ ಎಂದರೂ 4.65 ಲಕ್ಷಕ್ಕೆ ನಿಲ್ಲುತ್ತದೆ, ತೆರಿಗೆ 1,27,920. ತಾಯಿಯವರ 1.25 ಲಕ್ಷ ಸೇರಿಸಿದರೆ 5.9 ಲಕ್ಷ, ಗೆರೆಯಿಂದ ಕೂದಲೆಳೆಯಷ್ಟು ಹಿಂದೆ. ಬಾಡಿಗೆ ಭತ್ಯೆ ಸ್ವಲ್ಪ ಕಡಿಮೆಯಾದರೂ ಸೋತಂತೆಯೇ. ಅದರಲ್ಲೂ ಬೆಂಗಳೂರಿಗೆ ಒಂದು ಪೆಟ್ಟು: 2025-26ರಲ್ಲಿ ಈ ಭತ್ಯೆಯ ಲೆಕ್ಕದಲ್ಲಿ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ ಮೂಲ ವೇತನದ ಶೇಕಡಾ 50, ನಮಗೆ 40 ಇತ್ತು. ಚೆನ್ನೈಗಿಂತ ಬೆಂಗಳೂರಿನ ಬಾಡಿಗೆ ಅಗ್ಗ ಎಂದು ನಂಬುವವರನ್ನು ಬೆಳ್ಳಂದೂರಿಗೆ ಕರೆದುಕೊಂಡು ಬನ್ನಿ.

ಮಕ್ಕಳ ಹೆಸರಿನ ಬೇರೆ ಸೌಲಭ್ಯಗಳ ಗತಿಯೂ ಇಷ್ಟೇ. ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕ 80ಸಿ ಒಳಗೆ ಬರುತ್ತದೆ, ಆದರೆ ಅದೇ 1.5 ಲಕ್ಷದ ಬುಟ್ಟಿಯಲ್ಲಿ ಭವಿಷ್ಯ ನಿಧಿ, ಜೀವ ವಿಮೆ, ಗೃಹಸಾಲದ ಅಸಲು, ಸುಕನ್ಯಾ ಸಮೃದ್ಧಿ ಎಲ್ಲ ತುರುಕಿಕೊಂಡಿವೆ. ಅಭಿವೃದ್ಧಿ ಶುಲ್ಕ, ದೇಣಿಗೆ, ವ್ಯಾನು ಯಾವುದೂ ಸೇರುವುದಿಲ್ಲ. ನೌಕರರಿಗೆ ಮಕ್ಕಳ ಶಿಕ್ಷಣ ಭತ್ಯೆ ಎಂದು ಒಂದಿದೆ: 2025-26ರಲ್ಲಿ ಅದಕ್ಕಿದ್ದ ವಿನಾಯಿತಿ ಒಂದು ಮಗುವಿಗೆ ತಿಂಗಳಿಗೆ 100 ರೂಪಾಯಿ. ಹಾಸ್ಟೆಲಿಗೆ 300. ಹೌದು, ಸೊನ್ನೆ ಬಿಟ್ಟುಹೋಗಿಲ್ಲ.

ಎರಡನೇ ಸಂಬಳ

100 ರೂಪಾಯಿಗೆ ನನ್ನ ಮಗನ ಕ್ರೇಯಾನ್ ಡಬ್ಬಿಯೂ ಬರುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕ್ರೇಯಾನ್, ಪೆನ್ಸಿಲ್, ನೋಟ್‌ಬುಕ್ಕಿಗೆ ಜಿಎಸ್‌ಟಿ ಸೊನ್ನೆಯಾಗಿದೆ, ಡೈಪರ್ ಮತ್ತು ಹಾಲಿನ ಬಾಟಲಿಗೆ 12ರಿಂದ 5ಕ್ಕೆ ಇಳಿದಿದೆ, ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ 18 ಹೋಗಿದೆ. ಅಷ್ಟಕ್ಕೆ ಧನ್ಯವಾದ ಹೇಳೋಣ. ಶಾಲೆಯ ಶುಲ್ಕಕ್ಕೆ ಮೊದಲಿನಿಂದಲೂ ಜಿಎಸ್‌ಟಿ ಇಲ್ಲ. ಆದರೆ ಶಾಲೆ ಕಲಿಸದ್ದನ್ನು ಕಲಿಸುವ ಕೋಚಿಂಗ್‌ಗೆ ಈಗಲೂ 18.

ಕಡಲಾಚೆ ಇದ್ದವನು

ಹನ್ನೊಂದು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದು ಕಳೆದ ವರ್ಷ ಜೆ.ಪಿ. ನಗರಕ್ಕೆ ಮರಳಿದೆವು. ಜಂಟಿ ರಿಟರ್ನ್ಸ್ ಸ್ವರ್ಗವಲ್ಲ. ಅಲ್ಲಿ ಒಬ್ಬರೇ ದುಡಿಯುವ ದಂಪತಿಗೆ ಮದುವೆಯಿಂದ ಲಾಭ. ಇಬ್ಬರೂ ಸಮಸಮ ದೊಡ್ಡ ಸಂಬಳ ತರುವವರಾದರೆ ನಷ್ಟ: ಅತಿ ಮೇಲಿನ ಶೇಕಡಾ 37ರ ದರ ಶುರುವಾಗುವ ಆದಾಯದ ಮಿತಿ ದಂಪತಿಗೆ ದುಪ್ಪಟ್ಟಾಗುವುದಿಲ್ಲ. ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಕಡಿತಕ್ಕೆ 2018ರಿಂದ 10,000 ಡಾಲರ್ ಮಿತಿ ಇಟ್ಟಾಗ ಒಂಟಿಯವರಿಗೂ ಅಷ್ಟೇ, ದಂಪತಿಗೂ ಅಷ್ಟೇ. ನನ್ನ ಹೆಂಡತಿ ಪ್ರತಿ ಏಪ್ರಿಲ್‌ನಲ್ಲಿ «ಕಾಗದದ ಮೇಲೆ ವಿಚ್ಛೇದನ ಪಡೆಯೋಣವೇ» ಎಂದು ಕೇಳುತ್ತಿದ್ದಳು. ಎರಡು ಬಾರಿ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅಲ್ಲಿಂದ ತರಬೇಕಾದದ್ದು ಮಕ್ಕಳ ತೆರಿಗೆ ರಿಯಾಯಿತಿ. 2025ಕ್ಕೆ ಒಂದು ಮಗುವಿಗೆ 2,200 ಡಾಲರ್. ಅದು ಆದಾಯದಿಂದ ಕಳೆಯುವುದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವುದು. ಆದ್ದರಿಂದ ಶೇಕಡಾ 30ರವನಿಗೆ ಹೆಚ್ಚು, ಶೇಕಡಾ 5ರವನಿಗೆ ಕಡಿಮೆ ಎಂಬ ಭೇದವಿಲ್ಲ.

ಉತ್ತರಹಳ್ಳಿಯ ಅಪ್ಪ

ಹಾಗಾದರೆ ಇದನ್ನೇ ಕೇಳೋಣ: ಹೊಸ ಪದ್ಧತಿಯಲ್ಲಿ ಇಬ್ಬರು ಮಕ್ಕಳವರೆಗೆ ಒಂದು ಮಗುವಿಗೆ ಇಷ್ಟು ಎಂದು ತೆರಿಗೆಯಿಂದಲೇ ರಿಯಾಯಿತಿ. ತಂದೆಯಾಗಲಿ ತಾಯಿಯಾಗಲಿ ಒಬ್ಬರು ಪಡೆಯಲಿ. ಅಂಗವೈಕಲ್ಯವಿರುವ ಮಗುವಿಗೆ ಹೆಚ್ಚಿರಲಿ. ಎರಡನೇ ಸಂಬಳದವರು ಡೇಕೇರ್‌ಗೆ ಬಳಸಲಿ, ನಾನು ಶಾಲೆಗೆ ಬಳಸುತ್ತೇನೆ. ಕ್ಲಬ್ಬಿಂಗ್‌ನಲ್ಲಿ ಮಗುವಿನ ಬಡ್ಡಿ ನನ್ನದು ಎನ್ನುವವರು ಮಗುವಿನ ಖರ್ಚನ್ನೂ ನನ್ನದೆಂದು ಬರೆದುಕೊಳ್ಳಲಿ. ಜಂಟಿ ರಿಟರ್ನ್ಸ್ ಆಮೇಲೆ ನೋಡೋಣ.

ಎರಡನೇ ಸಂಬಳ

ಇದಕ್ಕೆ ನನ್ನ ಸಹಿ ಇದೆ. «ಆಮೇಲೆ ನೋಡೋಣ» ಎಂಬುದಕ್ಕೆ ಇಲ್ಲ.

ಶ್ರೀನಗರದ ಹೊಲಿಗೆಯಂಗಡಿ

ತೆರಿಗೆಯಿಂದ ಕಳೆಯುವುದಾದರೆ ತೆರಿಗೆ ಕಟ್ಟದ ನಮಗೆ ಏನು ಸಿಗುತ್ತದೆ ಸರ್?

ಕಡಲಾಚೆ ಇದ್ದವನು

ಅಮೆರಿಕದಲ್ಲಿ ತೆರಿಗೆಗಿಂತ ರಿಯಾಯಿತಿ ಹೆಚ್ಚಾದರೆ ಸ್ವಲ್ಪ ಭಾಗವನ್ನು ಕೈಗೇ ಕೊಡುತ್ತಾರೆ. ತೀರ ಕಡಿಮೆ ದುಡಿಮೆಯವರಿಗೆ ಅಲ್ಲೂ ಪೂರ್ತಿ ಸಿಗುವುದಿಲ್ಲ.

ಒಂಟಿ ಸಲಗ

ಎಲ್ಲರಿಗೂ ಏನೋ ಸಿಕ್ಕಿತು. ಹಿಂದೂ ಅವಿಭಕ್ತ ಕುಟುಂಬದ ಮಾತು ಯಾರೂ ಎತ್ತಲಿಲ್ಲವಲ್ಲ? ಮದುವೆಯಾದವರು ಅದರ ಹೆಸರಿನಲ್ಲಿ ಇನ್ನೊಂದು ಪ್ಯಾನ್ ಕಾರ್ಡ್ ಮಾಡಿಸಿಕೊಂಡು ಇನ್ನೊಂದು 4 ಲಕ್ಷದ ಮಿತಿ ಪಡೆಯುತ್ತಾರೆ. ನನ್ನ ಮುಸ್ಲಿಂ, ಕ್ರೈಸ್ತ ಸಹೋದ್ಯೋಗಿಗಳಿಗೆ ಆ ದಾರಿಯೇ ಇಲ್ಲ. ಕುಟುಂಬವನ್ನು ಕಾನೂನು ಕಾಣುವುದಿಲ್ಲ ಎಂದವರು ಯಾರು?

ಲೆಕ್ಕದ ಪುಸ್ತಕ

ಒಳ್ಳೆಯ ಏಟು. ಆದರೆ ಅಷ್ಟು ಸಲೀಸಲ್ಲ. ನಿಮ್ಮ ಸಂಬಳವನ್ನು ಅದಕ್ಕೆ ಹಾಕುವಂತಿಲ್ಲ, ಸ್ವಂತ ಆಸ್ತಿ ಹಾಕಿದರೆ ಅದರ ಆದಾಯ ಮತ್ತೆ ನಿಮಗೇ ಸೇರುತ್ತದೆ. ಪಿತ್ರಾರ್ಜಿತ ಆಸ್ತಿಯ ಬಾಡಿಗೆಯೋ ಹಿರಿಯರು ಆ ಕುಟುಂಬಕ್ಕೆಂದೇ ಕೊಟ್ಟ ಹಣವೋ ಇದ್ದವರಿಗೆ ಮಾತ್ರ ಉಪಯೋಗ. 12 ಲಕ್ಷದ ರಿಯಾಯಿತಿ ಅದಕ್ಕೆ ಅನ್ವಯಿಸುವುದೂ ಇಲ್ಲ. ಧರ್ಮದ ಭೇದದ ಬಗ್ಗೆ ನಿಮ್ಮ ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ಆರ್.ಟಿ. ನಗರದ ತಾಯಿ

ಸರ್, ಒಂದು ಪ್ರಶ್ನೆ. ನನ್ನ ತಂದೆ ಮೊಮ್ಮಗನ ಹೆಸರಿನಲ್ಲಿ 10 ಲಕ್ಷ ಎಫ್‌ಡಿ ಇಟ್ಟಿದ್ದಾರೆ. ಅದರ ಬಡ್ಡಿಯನ್ನು ನನ್ನ ಗಂಡನ ಆದಾಯಕ್ಕೆ ಸೇರಿಸಬೇಕೆಂದು ಕಚೇರಿಯಲ್ಲಿ ಯಾರೋ ಹೇಳಿದರಂತೆ.

ಲೆಕ್ಕದ ಪುಸ್ತಕ

ಸೇರಿಸಬೇಕಿಲ್ಲ. ನಿಗದಿತ ಅಂಗವೈಕಲ್ಯವಿರುವ ಅಪ್ರಾಪ್ತ ಮಗುವಿನ ಆದಾಯವನ್ನು ತಂದೆ ತಾಯಿಗೆ ಕೂಡಿಸುವಂತಿಲ್ಲ ಎಂದು ಕ್ಲಬ್ಬಿಂಗ್ ಕಲಮಿನಲ್ಲೇ ಇದೆ. ಮಗನ ಹೆಸರಿನಲ್ಲೇ ಪ್ಯಾನ್ ಕಾರ್ಡ್ ಮಾಡಿಸಿ, ಬ್ಯಾಂಕಿಗೆ ಕೊಡಿ. ಬಡ್ಡಿ ಅವನದೇ ಆದಾಯ. ಬೇರೆ ವರಮಾನವಿಲ್ಲದಿದ್ದರೆ ತೆರಿಗೆ ಬೀಳುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ನೋಡಿಕೊಳ್ಳಿ, ಮುಗಿದಿದ್ದರೆ ಮಾರ್ಚ್‌ಗೆ ಮುಂಚೆ ನವೀಕರಿಸಿ. ಕಳೆದ ವರ್ಷ ಆ ಬಡ್ಡಿಯನ್ನು ನಿಮ್ಮ ಯಜಮಾನರ ರಿಟರ್ನ್ಸ್‌ನಲ್ಲಿ ತೋರಿಸಿದ್ದರೆ ಗಡುವಿನೊಳಗೆ ಪರಿಷ್ಕೃತ ರಿಟರ್ನ್ಸ್ ಸಲ್ಲಿಸಬಹುದು, ಕಟ್ಟಿದ ಹೆಚ್ಚಿನ ತೆರಿಗೆ ವಾಪಸು ಬರುತ್ತದೆ.